ಕೂಲಿ ಕೇಳಿದ ಕೈದಿ, ಯೋಚಿಸಲು ಹೇಳಿದ ಕೋರ್ಟು

ಕೈದಿಗಳ ಹಕ್ಕಿನ ಮಾತು ಎಲ್ಲಿ ಬಂದರೂ, ಅದು ಕಾನೂನು ಕಾಲೇಜಿನ ನೋಟ್ಸ್ ಆಗಿರಲಿ, ಕಾನೂನು ಅರಿವು ಶಿಬಿರದ ಭಾಷಣವಾಗಿರಲಿ, 'ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ' ಎಂಬ ಸುಪ್ರೀಂ ಕೋರ್ಟ್ ತೀರ್ಪಿಗೆ ಒಂದು ನಮಸ್ಕಾರ ಸಲ್ಲಲೇಬೇಕು. ಅದನ್ನು ಮೈಲಿಗಲ್ಲು ಎನ್ನುತ್ತಾರೆ. ಬೆಂಗಳೂರಿನ ಜೈಲಿನಿಂದಲೇ ಹೋದ ಕಾಗದವೊಂದು ಇಡೀ ದೇಶದ ಬಂದೀಖಾನೆಗಳ ಕಾನೂನನ್ನು ತಿದ್ದಿತು ಎಂಬ ಹೆಮ್ಮೆಯೂ ಸೇರಿಕೊಂಡು ನಮ್ಮಲ್ಲಿ ಆ ಹೊಗಳಿಕೆ ಇನ್ನಷ್ಟು ಧಾರಾಳವಾಗಿದೆ. ನನ್ನ ಓದಿನಲ್ಲಿ ಈ ಗೌರವ ತೀರ್ಪಿನ ಯೋಗ್ಯತೆಯನ್ನು ಮೀರಿದ್ದು. ಕೇಳಿದವನಿಗೆ ಉತ್ತರ ಕೊಡದೆ ಕೇಳದ ಪ್ರಶ್ನೆಗಳಿಗೆ ಪ್ರಬಂಧ ಬರೆದ ತೀರ್ಪು ಅದು. ಹಕ್ಕಾಗಿ ಬಂದದ್ದನ್ನು ದಯೆಯಾಗಿ ಪರಿವರ್ತಿಸಿ ಕಳಿಸಿತು.

ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿ ಜೈಲಿನ ಬಾಗಿಲಲ್ಲಿ ನಿಂತುಬಿಡುವುದಿಲ್ಲ ಎಂಬುದನ್ನು, ಅದನ್ನು ಸಾರಿದ ಸುನಿಲ್ ಬಾತ್ರಾ ಪ್ರಕರಣಗಳ ಕಥೆಯನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ. ನೇರವಾಗಿ ಕಾಗದಕ್ಕೆ ಬರೋಣ. ಇಂದು ಫ್ರೀಡಂ ಪಾರ್ಕ್ ಆಗಿರುವ ಜಾಗದಲ್ಲಿ ಆಗ ಬೆಂಗಳೂರು ಕೇಂದ್ರ ಕಾರಾಗೃಹವಿತ್ತು. ಅಲ್ಲಿದ್ದ ಕೈದಿ ರಾಮಮೂರ್ತಿ 1984ರ ಏಪ್ರಿಲ್‌ನಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗೆ ಬರೆದರು. ಮುಖ್ಯ ದೂರು ಒಂದೇ: ಜೈಲಿನ ಬೇರೆಬೇರೆ ವಿಭಾಗಗಳಲ್ಲಿ ಮೈಮುರಿದು ದುಡಿಯುವ ಕೈದಿಗಳಿಗೆ ನ್ಯಾಯವಾಗಿ ಬರಬೇಕಾದ ಕೂಲಿ ಬರುತ್ತಿಲ್ಲ. ಅದರ ಜೊತೆಗೆ ತಿನ್ನಲಾಗದ ಊಟ, ದೈಹಿಕ ಮತ್ತು ಮಾನಸಿಕ ಹಿಂಸೆ. ಕೋರ್ಟು ಕಾಗದವನ್ನೇ ರಿಟ್ ಅರ್ಜಿಯಾಗಿ ಸ್ವೀಕರಿಸಿತು, ಜೈಲಿಗೆ ಹೋಗಿ ನೋಡಿ ವರದಿ ಕೊಡಿ ಎಂದು ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರಿಗೆ ಹೇಳಿತು. ಅಲ್ಲಿಯವರೆಗೆ ಎಲ್ಲವೂ ಸರಿ. ತೀರ್ಪು ಬಂದದ್ದು 1996ರ ಡಿಸೆಂಬರ್ 23ರಂದು. ಹನ್ನೆರಡು ವರ್ಷದ ಮೇಲೆ.

ಬರೆದವರು ನ್ಯಾಯಮೂರ್ತಿ ಬಿ.ಎಲ್. ಹನ್ಸಾರಿಯಾ. ದೇಶದ ಬಂದೀಖಾನೆಗಳನ್ನು ಕಾಡುವ ಒಂಬತ್ತು ಸಮಸ್ಯೆಗಳನ್ನು ಅವರು ಎಣಿಸುತ್ತಾರೆ: ಕಿಕ್ಕಿರಿದ ಜೈಲುಗಳು, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಅಲಕ್ಷ್ಯ, ಊಟ ಬಟ್ಟೆಯ ಕೊರತೆ, ಜೈಲಿನೊಳಗಿನ ದುಶ್ಚಟಗಳು, ಹೊರಗಿನವರೊಡನೆ ಸಂಪರ್ಕದ ಕೊರತೆ, ಸಂದರ್ಶಕರ ಭೇಟಿಯ ವ್ಯವಸ್ಥೆ, ಬಯಲು ಬಂದೀಖಾನೆಗಳ ನಿರ್ವಹಣೆ. ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಪಟ್ಟಿ ಇದೇ. ಇದರಲ್ಲಿ ಕೂಲಿ ಎಲ್ಲಿದೆ? ಕಾಗದದ ಮೊದಲ ದೂರು ಒಂಬತ್ತರಲ್ಲಿ ಒಂದಾಗುವ ಭಾಗ್ಯವನ್ನೂ ಪಡೆಯಲಿಲ್ಲ. ಇದನ್ನು ಸಣ್ಣ ಲೋಪ ಎಂದು ನಾನು ಒಪ್ಪಲಾರೆ. ಕೂಲಿ ಎಂದರೆ ಲೆಕ್ಕ: ಇಷ್ಟು ದಿನದ ದುಡಿಮೆಗೆ ಇಷ್ಟು ರೂಪಾಯಿ ಬಾಕಿ ಎಂದು ಕೈದಿ ಸರ್ಕಾರದ ಮುಂದೆ ಸಾಲಗಾರನನ್ನು ಕೇಳುವಂತೆ ಕೇಳಬಹುದಾದ ಹಕ್ಕು. ಪಟ್ಟಿಯ ಹಲವು ಸಮಸ್ಯೆಗಳು ಅಂಥವಲ್ಲ. ಅವನ್ನು ಸುಧಾರಣೆ ಎಂದು ಕರೆದು ಮುಂದೂಡಬಹುದು. ಬಾಕಿ ಹಣವನ್ನು ಹಾಗೆ ಮುಂದೂಡಿದರೆ ಅದು ಮೋಸವಾಗುತ್ತದೆ.

ಕೂಲಿಯ ಪ್ರಶ್ನೆಗೆ ನಿಜವಾದ ಉತ್ತರ ಬಂದದ್ದು 1998ರಲ್ಲಿ, ಗುಜರಾತ್ ಹೈಕೋರ್ಟಿನಿಂದ ಮೇಲೇರಿ ಬಂದ ಪ್ರಕರಣದಲ್ಲಿ. ಕಠಿಣ ಶಿಕ್ಷೆಯ ಕೈದಿಯ ದುಡಿಮೆಗೂ ನ್ಯಾಯವಾದ ಕೂಲಿ ಸಲ್ಲಬೇಕು, ಅದನ್ನು ನಿಗದಿ ಮಾಡಲು ರಾಜ್ಯಗಳು ಸಮಿತಿ ರಚಿಸಬೇಕು, ಅದರಲ್ಲಿ ಒಂದು ಪಾಲು ಅಪರಾಧಕ್ಕೆ ಬಲಿಯಾದವರಿಗೆ ಹೋಗಬೇಕು ಎಂದು ಆ ತೀರ್ಪು ಹೇಳಿತು. ಕರ್ನಾಟಕದಲ್ಲಿ ಕೈದಿಯ ದಿನಗೂಲಿ ಈಚೆಗೆ 500 ರೂಪಾಯಿ ದಾಟಿತಲ್ಲ, ಅದರ ಬೇರು 1998ರಲ್ಲಿದೆ. ಬೆಂಗಳೂರಿನ ಕೈದಿ ಕೇಳಿದ್ದಕ್ಕೆ ಗುಜರಾತಿನ ಹೆಸರು ಹೊತ್ತ ಪ್ರಕರಣ ಉತ್ತರಿಸಬೇಕಾಯಿತು.

ಈಗ ರಾಮಮೂರ್ತಿ ತೀರ್ಪಿನ ಕೊನೆಯ ಪುಟ. ವಿಮರ್ಶಕರು ಹೆಚ್ಚಾಗಿ ಒಂಬತ್ತರ ಪಟ್ಟಿಯಲ್ಲೇ ನಿಲ್ಲುತ್ತಾರೆ, ಕೊನೆಯ ಪುಟ ತಿರುಗಿಸುವುದಿಲ್ಲ. ತೀರ್ಪಿಗೆ ಬಲ ಬರುವುದು ಅದರ ನಿರ್ದೇಶನಗಳಿಂದ. ಅವು ಸರ್ಕಾರಕ್ಕೆ ಏನು ಮಾಡು ಎನ್ನುತ್ತವೆ ನೋಡಿ. ವಿಚಾರಣಾಧೀನರ ದಟ್ಟಣೆ ಕುರಿತ ಕಾನೂನು ಆಯೋಗದ 78ನೇ ವರದಿಯ ಮೇಲೆ ಸೂಕ್ತ ತೀರ್ಮಾನ ತೆಗೆದುಕೋ. ಶಿಕ್ಷೆ ಕಡಿತ ಮತ್ತು ಅವಧಿಪೂರ್ವ ಬಿಡುಗಡೆ ಕುರಿತ, ಜೈಲು ಸುಧಾರಣೆಯ ಮುಲ್ಲಾ ಸಮಿತಿಯ ಸಲಹೆಗಳಿಗೆ ಮನಸ್ಸು ಕೊಡು. ವಿಚಾರಣಾಧೀನರನ್ನು ಕೋರ್ಟಿಗೆ ಕರೆತರುವ ಕೆಲಸವನ್ನು ಜೈಲು ಸಿಬ್ಬಂದಿಗೆ ಒಪ್ಪಿಸುವುದನ್ನು ಪರಿಗಣಿಸು. 1894ರ ಬಂದೀಖಾನೆ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ತರುವ ಬಗ್ಗೆ ಸಮಾಲೋಚಿಸು. ದೂರು ಪೆಟ್ಟಿಗೆಯ ಅಗತ್ಯ ಕುರಿತು ಚಿಂತಿಸು. ಸಂಪರ್ಕ ಸೌಲಭ್ಯ ಸಡಿಲಿಸುವ ಬಗ್ಗೆ ಆಲೋಚಿಸು. ಜಿಲ್ಲಾ ಕೇಂದ್ರಗಳಲ್ಲಾದರೂ ಬಯಲು ಬಂದೀಖಾನೆ ತೆರೆಯುವ ಪ್ರಶ್ನೆಯನ್ನು ಮೆಲುಕು ಹಾಕು.

ಜೈಲು ಭೇಟಿಗಳಂಥ ಕೆಲವೇ ವಿಷಯಗಳಲ್ಲಿ ಅಗತ್ಯ ಕ್ರಮ ಎಂಬ ಮಾತಿದೆ. ಉಳಿದವು ಬಹುಮಟ್ಟಿಗೆ ತಲೆಯೊಳಗೆ ನಡೆಯುವ ಕೆಲಸಗಳು. ಚಿಂತಿಸಿದೆವು ಎಂದು ಸರ್ಕಾರ ಅಫಿಡವಿಟ್ ಹಾಕಿದರೆ ನ್ಯಾಯಾಂಗ ನಿಂದನೆಯ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ: ಇವುಗಳಲ್ಲಿ ಕೆಲವನ್ನು ಯೋಚಿಸುವ ಕಾಲ ಆಗಲೇ ಮುಗಿದಿತ್ತು. 78ನೇ ವರದಿ 1979ರದು, ಮುಲ್ಲಾ ಸಮಿತಿಯ ವರದಿ 1983ರದು. ದೂರು ಪೆಟ್ಟಿಗೆಯನ್ನಂತೂ ಸುಪ್ರೀಂ ಕೋರ್ಟೇ 1979ರ ಡಿಸೆಂಬರ್‌ನಲ್ಲಿ, ಎರಡನೆಯ ಸುನಿಲ್ ಬಾತ್ರಾ ತೀರ್ಪಿನಲ್ಲಿ ಕಡ್ಡಾಯ ಮಾಡಿತ್ತು. ಜಿಲ್ಲಾ ಮ್ಯಾಜಿಸ್ಟ್ರೇಟ್ ಮತ್ತು ಸೆಷನ್ಸ್ ನ್ಯಾಯಾಧೀಶರ ಆದೇಶದಡಿ ಪೆಟ್ಟಿಗೆ ಇಡತಕ್ಕದ್ದು ಎಂದು ನ್ಯಾ. ಕೃಷ್ಣ ಅಯ್ಯರ್ ಬರೆದಿದ್ದರು. ಅದೂ ಒಬ್ಬ ಕೈದಿಯ ಕಾಗದದಿಂದಲೇ ಹುಟ್ಟಿದ ಪ್ರಕರಣ. ಆಗ ಆಜ್ಞೆಯಾಗಿದ್ದದ್ದು ಹದಿನೇಳು ವರ್ಷದ ಮೇಲೆ ಚಿಂತನೆಯ ವಿಷಯವಾಯಿತು. ಒಂದು ಹಕ್ಕನ್ನು ಹಿಂದಕ್ಕೆ ತಳ್ಳಿದ ತೀರ್ಪನ್ನು ಮೈಲಿಗಲ್ಲು ಎಂದು ಹೇಗೆ ಕರೆಯುವುದು?

ನ್ಯಾಯಾಲಯ ಶಾಸಕಾಂಗದ ಕೆಲಸ ಮಾಡಲಾಗದು, ಹನ್ಸಾರಿಯಾ ಅಧಿಕಾರದ ಗಡಿಯನ್ನು ಗೌರವಿಸಿದರು ಎಂದು ಈ ತೀರ್ಪಿನ ಪರ ವಾದಿಸುವವರು ಹೇಳುತ್ತಾರೆ. ಈ ವಾದ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ರಾಮಮೂರ್ತಿ ತೀರ್ಪಿಗೆ ಬರೀ ಐದು ದಿನ ಮೊದಲು, 1996ರ ಡಿಸೆಂಬರ್ 18ರಂದು, ಅದೇ ಸುಪ್ರೀಂ ಕೋರ್ಟು ಡಿ.ಕೆ. ಬಸು ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಬಂಧಿಸುವ ಪೊಲೀಸ್ ಎದೆಯ ಮೇಲೆ ಹೆಸರಿರಬೇಕು, ಬಂಧನದ ಮೆಮೊಗೆ ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು: ಹೀಗೆ ಹನ್ನೊಂದು ಕಟ್ಟಳೆ, ಮೀರಿದರೆ ಇಲಾಖಾ ಕ್ರಮದ ಜೊತೆಗೆ ನ್ಯಾಯಾಂಗ ನಿಂದನೆ. ಅದೇ ವರ್ಷದ ಮೇ ತಿಂಗಳಲ್ಲಿ ಕಾಮನ್ ಕಾಸ್ ಪ್ರಕರಣದಲ್ಲಿ, ಇಂಥ ಅಪರಾಧಕ್ಕೆ ಇಷ್ಟು ಕಾಲ ವಿಚಾರಣೆಯಿಲ್ಲದೆ ಕೊಳೆತವರನ್ನು ಜಾಮೀನಿನ ಮೇಲೆ ಬಿಡಿ ಎಂದು ಲೆಕ್ಕ ಹಾಕಿ ಹೇಳಿತ್ತು. ಅವೂ ಗಡಿಯೊಳಗಿನ ತೀರ್ಪುಗಳೇ. ಈಚೆಗೆ, 2024ರ ಅಕ್ಟೋಬರ್ 3ರಂದು, ಸುಕನ್ಯಾ ಶಾಂತಾ ಪ್ರಕರಣದಲ್ಲಿ ಜೈಲು ಕೈಪಿಡಿಗಳ ಜಾತಿ ನಿಯಮಗಳನ್ನು ಹೊಡೆದುಹಾಕಿದ ಕೋರ್ಟು, ತಿದ್ದಲು ರಾಜ್ಯಗಳಿಗೆ ಮೂರು ತಿಂಗಳು ಕೊಟ್ಟಿತು. ದಾಖಲೆಯಲ್ಲಿ ಜಾತಿಯ ಕಾಲಂ ಇರಕೂಡದು ಎಂದಿತು. ಮನಸ್ಸು ಮಾಡಿದಾಗ ಕೋರ್ಟಿಗೆ ಆಜ್ಞೆಯ ಭಾಷೆ ಬರುತ್ತದೆ.

ಇನ್ನೊಂದು ವಾದ ಇನ್ನೂ ವಿಚಿತ್ರ. ರಾಮಮೂರ್ತಿ ತೀರ್ಪನ್ನು ಮುಂದಿನ ಪೀಠಗಳು ಉಲ್ಲೇಖಿಸುತ್ತಲೇ ಇವೆ, ಅದೇ ಅದರ ದೊಡ್ಡತನ ಎನ್ನುವುದು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ 2013ರಲ್ಲಿ ಬರೆದ ಕಾಗದದಿಂದ ಆರಂಭವಾದ ಪ್ರಕರಣದಲ್ಲಿ, 2016ರ ಫೆಬ್ರುವರಿ 5ರಂದು ನ್ಯಾ. ಮದನ್ ಲೋಕೂರ್ ಅವರ ಪೀಠ ರಾಮಮೂರ್ತಿ ತೀರ್ಪನ್ನು ನೆನೆದದ್ದು ಯಾಕೆ? ಅದರಲ್ಲಿ ಎತ್ತಿದ ಸಮಸ್ಯೆಗಳು ಇನ್ನೂ ಹಾಗೇ ಇವೆ ಎಂದು ಹೇಳಲು. ಆ ವರ್ಷವಷ್ಟೇ ಅಲ್ಲ, 2022ರ ಕೊನೆಯಲ್ಲೂ ದೇಶದ ಕೈದಿಗಳಲ್ಲಿ ಶೇ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರೇ ಆಗಿದ್ದರು. ಸೋತ ತೀರ್ಪನ್ನು ಸೋತಿದೆ ಎಂದು ಉಲ್ಲೇಖಿಸಿದರೆ ಅದು ಪ್ರಶಸ್ತಿಯಲ್ಲ.

ತೀರ್ಪಿನಿಂದ ಏನೂ ಬರಲಿಲ್ಲ ಎಂದು ನಾನು ಹೇಳುತ್ತಿಲ್ಲ. 2003ರ ಮಾದರಿ ಜೈಲು ಕೈಪಿಡಿಗೆ ಅದರ ಪ್ರೇರಣೆ ಇತ್ತು. ಆ ದಾರಿಯಲ್ಲೇ 2016ರ ಕೈಪಿಡಿ, 2023ರ ಮಾದರಿ ಕಾಯ್ದೆ ಬಂದವು. ಹನ್ಸಾರಿಯಾ ಅವರ ಕನಿಕರ ನಿಜವಾದದ್ದು, ಬರವಣಿಗೆಯಲ್ಲಿ ಅದು ಕಾಣುತ್ತದೆ. ಆದರೆ ಜೈಲು ರಾಜ್ಯಪಟ್ಟಿಯ ವಿಷಯ. ಮಾದರಿ ಎಂಬುದನ್ನು ರಾಜ್ಯ ಒಪ್ಪಬಹುದು, ಬಿಡಬಹುದು.

ಮೆಲುಕು ಹಾಕಲು ಬಿಟ್ಟ ಆ ಬಯಲು ಬಂದೀಖಾನೆಯ ಪ್ರಶ್ನೆಗೆ ಏನಾಯಿತು ಎಂಬುದನ್ನು ಅಳೆಯಲು ದೆಹಲಿಗೆ ಹೋಗಬೇಕಿಲ್ಲ. ಕರ್ನಾಟಕದ ಏಕೈಕ ಬಯಲು ಬಂದೀಖಾನೆ ಇರುವುದು ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ, ಬೆಂಗಳೂರಿನ ಕೋರಮಂಗಲ ಅಲ್ಲ, ನಮ್ಮ ಆವತಿಯ ತಾಲ್ಲೂಕಿನ ಹಳ್ಳಿ. ಎತ್ತರದ ಗೋಡೆಯಿಲ್ಲ; ಒಳ್ಳೆಯ ನಡತೆಯ ಶಿಕ್ಷಾಬಂದಿಗಳು ಹೊಲದಲ್ಲಿ ದುಡಿಯುತ್ತಾರೆ. ಜಾಗ 80 ಜನಕ್ಕೆ. ರಾಮಮೂರ್ತಿ ತೀರ್ಪಿಗೆ ಬಹಳ ಮೊದಲೇ ಇದ್ದ ಜೈಲು ಇದು. ತೀರ್ಪು ಬಂದಾಗ ಕರ್ನಾಟಕದಲ್ಲಿ 20 ಜಿಲ್ಲೆಗಳಿದ್ದವು, ಈಗ 31 ಇವೆ. ಬಯಲು ಬಂದೀಖಾನೆ 2022ರ ರಾಷ್ಟ್ರೀಯ ಅಂಕಿಅಂಶದಲ್ಲೂ ಒಂದೇ. ರಾಜಸ್ಥಾನದಲ್ಲಿ ಅದೇ ಹೊತ್ತಿಗೆ ನಲವತ್ತರ ಆಸುಪಾಸು ಇದ್ದವು. ಅಲ್ಲಿನ ಸಾಂಗಾನೇರ್ ಶಿಬಿರದಲ್ಲಿ ಕೈದಿಗಳು ಹೆಂಡತಿ ಮಕ್ಕಳೊಂದಿಗೆ ಇರುತ್ತಾರೆ, ಬೆಳಿಗ್ಗೆ ಕೆಲಸಕ್ಕೆ ಊರಿಗೆ ಹೋಗಿ ಸಂಜೆ ಹಾಜರಿಗೆ ಮರಳುತ್ತಾರೆ.

ನಮ್ಮ ದೇವನಹಳ್ಳಿ ಸೀಮೆಗೆ ಸೆರೆಮನೆಯ ನೆನಪು ಹಳೆಯದು. ಆವತಿ ನಾಡಪ್ರಭುಗಳ ವಂಶದ ಕೆಂಪೇಗೌಡರನ್ನು ವಿಜಯನಗರದ ರಾಮರಾಯ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಿಟ್ಟ, ದಂಡ ಕಟ್ಟಿಸಿಕೊಂಡು ಬಿಟ್ಟ ಎಂದು ಐತಿಹ್ಯ. ಅರಸನಿಗೆ ಮನಸ್ಸಾದಾಗ ಬಿಡುಗಡೆ, ಅಲ್ಲಿಯವರೆಗೆ ಕಾಯುವುದು. ಸಂವಿಧಾನ ಬಂದ ಮೇಲೆ ಈ ಸಂಬಂಧ ಬದಲಾಗಬೇಕಿತ್ತು. ಆದರೆ ಕೋರಮಂಗಲಕ್ಕೆ ಹೋಗುವ ಅರ್ಹತೆ ನನಗಿದೆ ಎಂದು ಪರಪ್ಪನ ಅಗ್ರಹಾರ ಜೈಲಿನ ಕೈದಿ ಹಕ್ಕಾಗಿ ಕೇಳಲು ರಾಮಮೂರ್ತಿ ತೀರ್ಪು ಒಂದು ಸಾಲನ್ನೂ ಕೊಡಲಿಲ್ಲ. ಆಯ್ಕೆ ಇಲಾಖೆಯ ಕೃಪೆಯಾಗಿಯೇ ಉಳಿಯಿತು. 1979ರಲ್ಲಿ ಧರಂಬೀರ್ ಪ್ರಕರಣದಲ್ಲಿ ಇದೇ ಸುಪ್ರೀಂ ಕೋರ್ಟು ಇಬ್ಬರು ಯುವ ಜೀವಾವಧಿ ಕೈದಿಗಳನ್ನು ಬಯಲು ಬಂದೀಖಾನೆಗೆ ಕಳಿಸಿ ಎಂದು ನೇರವಾಗಿ ಹೇಳಿದ್ದನ್ನು ನೆನೆದರೆ ಈ ಮೌನ ಇನ್ನಷ್ಟು ಎದ್ದು ಕಾಣುತ್ತದೆ.

ಜೈಲಿನ ಹುಲ್ಲುಹಾಸಿನಲ್ಲಿ ಕುಳಿತ ವಿಚಾರಣಾಧೀನ ನಟನೊಬ್ಬನ ಫೋಟೊ 2024ರಲ್ಲಿ ಹೊರಬಂದಾಗ, ಕೈದಿಗಳಿಗೆ ಹಕ್ಕು ಜಾಸ್ತಿಯಾಯಿತು ಎಂದು ಬರೆದವರೂ ಇದ್ದಾರೆ. ಅವರು ನೋಡಿದ್ದು ಹಕ್ಕನ್ನಲ್ಲ. ಬರೆದಿಟ್ಟ ಹಕ್ಕು ಇಲ್ಲದ ಕಡೆ ಸೌಲಭ್ಯ ಪ್ರಭಾವ ಇದ್ದವರ ಪಾಲಾಗುತ್ತದೆ. ಕೂಲಿ ಬಾಕಿ ಇರುವವನು ಕಾಗದ ಬರೆದು ಕಾಯುತ್ತಾನೆ.

ರಾಮಮೂರ್ತಿ ತೀರ್ಪಿನಲ್ಲಿ ಬರೆಯಬಹುದಾಗಿದ್ದ ಸಾಲು ಕಷ್ಟದ್ದೇನಲ್ಲ. ಅರ್ಹತೆಯ ಅವಧಿ ಮುಗಿಸಿದ ಪ್ರತಿ ಶಿಕ್ಷಾಬಂದಿಯ ಹೆಸರನ್ನೂ ಬಯಲು ಬಂದೀಖಾನೆಗಾಗಿ ಮೂರು ತಿಂಗಳೊಳಗೆ ಪರಿಶೀಲಿಸತಕ್ಕದ್ದು, ನಿರಾಕರಿಸಿದರೆ ಕಾರಣವನ್ನು ಕನ್ನಡದಲ್ಲಿ ಬರೆದು ಅವನ ಕೈಗೆ ಕೊಡತಕ್ಕದ್ದು, ಅದರ ಮೇಲೆ ಜಿಲ್ಲಾ ನ್ಯಾಯಾಧೀಶರಿಗೆ ಮೇಲ್ಮನವಿ. ಕೋರಮಂಗಲದ ಎಂಬತ್ತು ಜಾಗಗಳಿಗೆ ಇಂಥ ಆದೇಶವನ್ನು ಕರ್ನಾಟಕ ಹೈಕೋರ್ಟು ಇವತ್ತೂ ಕೊಡಬಹುದು. ಅರ್ಜಿ ಬರೆಯುವ ವಕೀಲರು ರಾಮಮೂರ್ತಿ ತೀರ್ಪನ್ನು ಪಕ್ಕಕ್ಕಿಟ್ಟು ಸುನಿಲ್ ಬಾತ್ರಾದಿಂದ ಶುರುಮಾಡಲಿ.