ಗರಡಿಮನೆಯ ಶಿಕ್ಷಣ ಮತ್ತು ಸಮುದಾಯ ಜೀವನ: ಆಧಾರಗಳ ವಿಮರ್ಶೆ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳು 1997ರ ವರೆಗೆ ಧಾರವಾಡ ಜಿಲ್ಲೆಯ ಅಂಗಗಳಾಗಿದ್ದು, ಅನಂತರ ಹಾವೇರಿ ಜಿಲ್ಲೆಗೆ ಸೇರಿದವು. ಈ ಸೀಮೆಯ ರಾಜಕೀಯ ಇತಿಹಾಸವನ್ನು ಕುರಿತು ಬರೆದವರು ಅನೇಕರು. ಹಾನಗಲ್ಲ ಕದಂಬರು, ಬಂಕಾಪುರದ ಕೋಟೆ, ಸವಣೂರ ನವಾಬರು, ಅಬ್ಬಲೂರ ಶಾಸನ ಇವೆಲ್ಲ ವಿದ್ಯಾರ್ಥಿಗಳಿಗೆ ಪರಿಚಿತ ವಿಷಯಗಳೇ. ಆದರೆ ಊರೂರ ಗರಡಿಮನೆಯ ಇತಿಹಾಸವನ್ನು ಮಾತ್ರ ನಾವು ಜಾನಪದದ ಅಭ್ಯಾಸಿಗಳಿಗೆ ಒಪ್ಪಿಸಿ ಕೈತೊಳೆದುಕೊಂಡಿದ್ದೇವೆ. ತಲೆಮಾರುಗಳ ಕಾಲ ಗ್ರಾಮದ ತರುಣರ ಶರೀರವನ್ನೂ ಶೀಲವನ್ನೂ ತಿದ್ದಿದ ಈ ಸಂಸ್ಥೆಯನ್ನು ಕುರಿತು ಇತಿಹಾಸಕಾರರು ಬರೆದುದು ಅತ್ಯಲ್ಪ. ಬರೆದುದಾದರೂ ಬಹುಮಟ್ಟಿಗೆ ಪ್ರಶಂಸೆಯ ಧಾಟಿಯಲ್ಲಿದೆ. ಈ ವಿಷಯಕ್ಕೆ ನಾವು ಸಾಮಾನ್ಯವಾಗಿ ಒದಗಿಸಿಕೊಳ್ಳುವ ಆಧಾರಗಳ ಬಲಾಬಲವನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹೆಸರನ್ನೇ ನೋಡಬಹುದು. ಹಳಗನ್ನಡ, ನಡುಗನ್ನಡ ಕಾವ್ಯಗಳಲ್ಲಿ 'ಗರುಡಿ' ಎಂಬ ರೂಪ ಕಂಡುಬರುವುದು. ಇದನ್ನು ಸಂಸ್ಕೃತದ 'ಖಳೂರಿಕಾ' ಶಬ್ದದೊಡನೆ ಸಂಬಂಧಿಸುವ ವಿದ್ವಾಂಸರಿದ್ದಾರೆ. ಆದರೆ ಗರಡಿಯೊಳಗೆ ಕಾಲಿಟ್ಟೊಡನೆ ಕೇಳಿಬರುವ ಮಾತುಗಳು ಬೇರೆ. ಕಲಿಸುವವನು 'ವಸ್ತಾದ', ಕಲಿತವನು 'ಪೈಲ್ವಾನ', ಅವನ ಆಹಾರ 'ಖುರಾಕು', ಅವನ ವ್ಯಾಯಾಮ 'ದಂಡ', 'ಬೈಠಕು'. ಇವುಗಳಲ್ಲಿ ಹಲವು ಫಾರಸಿ ಹಾಗೂ ಹಿಂದುಸ್ತಾನಿಯ ಮೂಲಕ ಬಂದವು. ಮೂಲೆಯ ಗೂಡಿನಲ್ಲಿ ಮಾರುತಿಯ ಮೂರ್ತಿ. ಅದರ ಮುಂದೆ ಕೈಮುಗಿದು ನಿಂತವನು ಗುರುವನ್ನು ಕರೆಯುವುದು ವಸ್ತಾದನೆಂದು. ಇದನ್ನು ನೋಡಿ 'ಇದು ಸವಣೂರ ನವಾಬರ ಕೊಡುಗೆ' ಎಂದು ಒಮ್ಮೆಲೆ ನಿರ್ಣಯಿಸುವುದು ಸುಲಭ. ಆದರೆ ಬಹಮನಿ ಹಾಗೂ ಬಿಜಾಪುರದ ಅರಸರ ಕಾಲದಿಂದಲೇ ಇಂಥ ಶಬ್ದಗಳು ದಖ್ಖನಿನಲ್ಲೆಲ್ಲ ಹಬ್ಬಿದುದರಿಂದ, ಒಂದು ಸಣ್ಣ ಸಂಸ್ಥಾನಕ್ಕೆ ಈ ಗೌರವವನ್ನು ಕಟ್ಟುವುದು ಅವಸರದ ಮಾತಾದೀತು. ಶಬ್ದಗಳಿಂದ ಸಿದ್ಧವಾಗುವುದು ಇಷ್ಟೇ: ಗರಡಿಯು ಒಂದೇ ಕಾಲದ, ಒಂದೇ ಮತದ ಸೃಷ್ಟಿಯಲ್ಲ, ಅದು ಹಲವು ಪದರುಗಳುಳ್ಳ ಸಂಸ್ಥೆ.

ಗರಡಿಯ ಪ್ರಾಚೀನತೆಗೆ ಎಲ್ಲರೂ ಎತ್ತಿಹಿಡಿಯುವ ಲಿಖಿತ ಆಧಾರವೆಂದರೆ ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'. ಶಕ 1051ರ, ಎಂದರೆ ಕ್ರಿ. ಶ. 1129ರ ಸುಮಾರಿನ ಈ ಗ್ರಂಥದಲ್ಲಿ ಮಲ್ಲವಿನೋದವೆಂಬ ಪ್ರಕರಣವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗನುಸಾರವಾಗಿ ವರ್ಗೀಕರಿಸಿದುದು, ಭಾರಶ್ರಮ, ಸ್ತಂಭಶ್ರಮ, ನೀರಿನಲ್ಲಿ ಈಜುವ ಶ್ರಮ ಮುಂತಾದ ಸಾಧನೆಗಳನ್ನು ವಿವರಿಸಿದುದು, ಅವರ ಆಹಾರವನ್ನು ಗೊತ್ತುಮಾಡಿದುದು ನಿಜಕ್ಕೂ ಬೆಲೆಯುಳ್ಳ ಸಂಗತಿ. ಆಗ ಪಾನುಂಗಲ್ಲು ಐನೂರು ಎಂಬ ನಾಡು ಚಾಲುಕ್ಯರ ಸಾಮಂತರಾದ ಕದಂಬರ ಆಳಿಕೆಯಲ್ಲಿದ್ದಿತು. ಆದುದರಿಂದ ಈ ಗ್ರಂಥದ ಮಾತು ನಮ್ಮ ಸೀಮೆಗೆ ತೀರ ಹೊರಗಿನದೆಂದು ಹೇಳಲಾಗದು.

ಆದರೆ ಪ್ರಕರಣದ ಹೆಸರನ್ನು ಮರೆಯಬಾರದು. ಅದು ಮಲ್ಲ'ವಿನೋದ'. ಅಲ್ಲಿ ಮಲ್ಲನನ್ನು ಸಾಕುವವನು ಅರಸ, ತೂಗಿ ಅಳೆಯುವವನು ಅರಸ, ಕೊನೆಗೆ ನೋಡಿ ಸಂತೋಷಪಡುವವನೂ ಅರಸನೇ. ಮಲ್ಲನು ಎಲ್ಲಿಂದ ಬಂದನು, ಯಾರೊಡನೆ ಉಂಡನು, ಮುಪ್ಪಿನಲ್ಲಿ ಅವನ ಗತಿ ಏನಾಯಿತು ಎಂಬ ಪ್ರಶ್ನೆಗಳು ಆ ಗ್ರಂಥದ ವ್ಯಾಪ್ತಿಯಲ್ಲಿಲ್ಲ. ಗ್ರಾಮದ ಗರಡಿಯ ವ್ಯವಸ್ಥೆ ಇದಕ್ಕೆ ತಿರುವುಮುರುವಾದುದು. ಅಲ್ಲಿ ಪೈಲ್ವಾನನನ್ನು ಸಾಕುವುದು ಊರು. ಮನೆಯವರು ಹಾಲು ತುಪ್ಪಗಳನ್ನು ಮಿಗಿಸಿ ಅವನಿಗೆ ಇಡುವರು. ಅನುಕೂಲವಂತರು ಖುರಾಕಿಗೆ ನೆರವಾಗುವರು. ಜಾತ್ರೆಯ ಕಣದಲ್ಲಿ ಅವನು ಗೆದ್ದರೆ ಗೆದ್ದುದು ಊರು, ಬಿದ್ದರೆ ಬಿದ್ದುದೂ ಊರೇ. ಅರಮನೆಯ ಮಲ್ಲನಿಗೂ ಊರ ಪೈಲ್ವಾನನಿಗೂ ಸಾಧನೆಯಲ್ಲಿ ಹೋಲಿಕೆಯಿರಬಹುದು, ಆಶ್ರಯದಲ್ಲಿ ಇಲ್ಲ. ಒಂದರ ವರ್ಣನೆಯನ್ನು ಇನ್ನೊಂದರ ಇತಿಹಾಸವೆಂದು ತಿಳಿಯುವುದು ಯುಕ್ತವಲ್ಲ. ಅರಮನೆಯ ಪರಂಪರೆಯನ್ನು ಕಾಣಬೇಕಾದರೆ ಮೈಸೂರಿನ ಜಟ್ಟಿಗಳನ್ನೂ, ದಸರೆಯ ವಜ್ರಮುಷ್ಟಿ ಕಾಳಗವನ್ನೂ ನೋಡಬೇಕು. ಶಾಹೂ ಮಹಾರಾಜರ ಕಾಲದಲ್ಲಿ ಕಟ್ಟಿದ ಕೊಲ್ಹಾಪುರದ ಖಾಸಬಾಗ ಮೈದಾನವನ್ನು ನೋಡಬೇಕು. ಹಾನಗಲ್ಲ ಸೀಮೆಯ ಗರಡಿಗಳಿಗೆ ಹಿನ್ನೆಲೆಯಾದುದು ಅಂಥ ಅರಮನೆಯಲ್ಲ. ಸುಗ್ಗಿ ಮುಗಿದ ಮೇಲಿನ ಬಿಡುವು ಮತ್ತು ಊರ ದೇವರ ಜಾತ್ರೆ.

ಎರಡನೆಯ ಆಧಾರ ವೀರಗಲ್ಲುಗಳು. ಈ ನಾಲ್ಕು ತಾಲೂಕುಗಳಲ್ಲಿ ಅವುಗಳಿಗೆ ಬರವಿಲ್ಲ. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ಹಾನಗಲ್ಲಿಗೆ ಮುತ್ತಿಗೆ ಹಾಕಿದುದನ್ನೂ, ಕದಂಬ ಕಾಮದೇವನ ದಂಡನಾಯಕ ಸೋಹಣಿಯ ಪಡೆಯು ಅದನ್ನು ಹಿಮ್ಮೆಟ್ಟಿಸಿದುದನ್ನೂ ನಾವು ತಿಳಿದುದು ಅಲ್ಲಿಯ ವೀರಗಲ್ಲಿನಿಂದಲೇ. ಸ್ಮಾರಕ ಶಿಲೆಗಳನ್ನು ಕುರಿತು ಷ. ಶೆಟ್ಟರ ಮತ್ತು ಸೊಂಥೈಮರ್ ಇವರು ಸಂಪಾದಿಸಿದ ಗ್ರಂಥವು 1982ರಲ್ಲಿ ಧಾರವಾಡದಿಂದಲೇ ಪ್ರಕಟವಾಗಿ, ಈ ಅಧ್ಯಯನಕ್ಕೆ ಭದ್ರವಾದ ತಳಹದಿಯನ್ನು ಹಾಕಿತು. ವೀರಗಲ್ಲನ್ನು ಕೇವಲ ಶೌರ್ಯದ ಸ್ತುತಿಯೆಂದು ಓದದೆ, ಮರಣದ ಬಗೆಗೆ ಒಂದು ಸಮಾಜಕ್ಕಿದ್ದ ಕಲ್ಪನೆಯ ಸಾಕ್ಷಿಯೆಂದು ಓದಲು ನಮಗೆ ಕಲಿಸಿದ ಉಪಕಾರ ಆ ವಿದ್ವಾಂಸರದು.

ಈ ಪಾಠವನ್ನು ನಾವು ಪೂರ್ಣವಾಗಿ ಅರಗಿಸಿಕೊಂಡಿಲ್ಲವೆಂದು ತೋರುವುದು. ಇಂದಿಗೂ ವೀರಗಲ್ಲಿನ ಕೆಳಗಿನ ಪಟ್ಟಿಕೆಯ ಕಾಳಗವನ್ನು ತೋರಿಸಿ 'ಇಲ್ಲಿ ಗರಡಿಯ ಶಿಕ್ಷಣವಿದ್ದಿತು' ಎಂದು ಬರೆಯುವವರುಂಟು. ಕೆಳಗೆ ಕಾಳಗ, ನಡುವೆ ಅಪ್ಸರೆಯರೊಡನೆ ಊರ್ಧ್ವಗಮನ, ಮೇಲೆ ಶಿವಲೋಕ. ಈ ಕ್ರಮದಲ್ಲಿ ಎಲ್ಲಿಯೂ ಕಲಿಕೆಗೆ ಸ್ಥಾನವಿಲ್ಲ. ವೀರಗಲ್ಲು ಸಾವಿನ ದಾಖಲೆ, ಸಾಮಿನ ದಾಖಲೆಯಲ್ಲ. ತುರುಗೋಳಿನಲ್ಲಿ ಮಡಿದವನು ಶಿಕ್ಷಿತ ಭಟನಾಗಿರಬಹುದು, ಕೈಗೆ ಸಿಕ್ಕ ಆಯುಧ ಹಿಡಿದು ಓಡಿದ ಒಕ್ಕಲಿಗನೂ ಆಗಿರಬಹುದು. ಕಲ್ಲು ಈ ಭೇದವನ್ನು ಹೇಳುವುದಿಲ್ಲ. ಮೇಲಾಗಿ ಗರಡಿಯ ಉದ್ದೇಶ ಕೊಲ್ಲುವುದೂ ಅಲ್ಲ, ಸಾಯುವುದೂ ಅಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿತೆಂದರೆ ಅಲ್ಲಿಗೆ ಮುಗಿಯಿತು. ಇಬ್ಬರೂ ಎದ್ದು ಮೈಯ ಮಣ್ಣು ಕೊಡವಿಕೊಂಡು ಮನೆಗೆ ಹೋಗುವರು. ಈ ಎರಡನ್ನೂ 'ವೀರ ಪರಂಪರೆ' ಎಂಬ ಒಂದೇ ಗಂಟಿನಲ್ಲಿ ಕಟ್ಟಿದರೆ ಎರಡರ ಸ್ವರೂಪವೂ ಕೆಡುವುದು. ಇದೇ ರೀತಿಯಾಗಿ ತುಳುನಾಡಿನ ಗರಡಿಯನ್ನೂ ಇಲ್ಲಿಯ ಗರಡಿಯನ್ನೂ ಹೆಸರಿನ ಸಾಮ್ಯದಿಂದ ಒಂದೆಂದು ಭಾವಿಸಲಾಗದು. ಅಲ್ಲಿಯದು ಕೋಟಿ ಚೆನ್ನಯರ ಆರಾಧನೆಯ ಸ್ಥಾನ. ಇಲ್ಲಿಯದು ನಿತ್ಯಾಭ್ಯಾಸದ ಮನೆ.

ಮೂರನೆಯದಾಗಿ, ಆಧುನಿಕ ವಿದ್ವತ್ತಿನ ಕೊಡುಗೆಯನ್ನು ವಿಚಾರಿಸಬೇಕು. ಜೋಸೆಫ್ ಆಲ್ಟರ್ ಅವರು ಕಾಶಿಯ ಅಖಾಡಗಳನ್ನು ಅಭ್ಯಸಿಸಿ 1992ರಲ್ಲಿ ಪ್ರಕಟಿಸಿದ 'ದಿ ರೆಸ್ಲರ್ಸ್ ಬಾಡಿ' ಎಂಬ ಗ್ರಂಥವು ಈ ಕ್ಷೇತ್ರದಲ್ಲಿ ಅವಶ್ಯವಾಗಿ ಓದತಕ್ಕದ್ದು. ಅಖಾಡದ ಮಣ್ಣು, ಆಹಾರ, ಬ್ರಹ್ಮಚರ್ಯ, ಗುರುಸೇವೆ ಇವೆಲ್ಲ ಸೇರಿ ಒಂದು ಜೀವನ ದರ್ಶನವಾಗುವ ಬಗೆಯನ್ನು ಅವರು ಸಹಾನುಭೂತಿಯಿಂದ ವಿವರಿಸಿದ್ದಾರೆ. ಪೈಲ್ವಾನನ ಶರೀರವು ರಾಷ್ಟ್ರದ ನೈತಿಕ ಪುನರುತ್ಥಾನದ ಸಂಕೇತವಾಗುವುದೆಂದು ತೋರಿಸಿದುದು ಅವರ ವಾದದ ಮುಖ್ಯಾಂಶ. ಅಖಾಡದಲ್ಲಿ ಮಡಿಮೈಲಿಗೆಯ ಕಟ್ಟುಗಳು ಸಡಿಲುವುವೆಂಬುದನ್ನೂ ಅವರು ಗುರುತಿಸಿದ್ದಾರೆ.

ಈ ವಾದವನ್ನು ನಮ್ಮ ಸೀಮೆಗೆ ಅನ್ವಯಿಸುವಾಗ ಎರಡು ವಿಷಯಗಳಲ್ಲಿ ಎಚ್ಚರ ಬೇಕು. ರಾಷ್ಟ್ರಕ್ಕಾಗಿ ಶರೀರವನ್ನು ಹುರಿಗೊಳಿಸುವ ಕಾರ್ಯವು ನಮ್ಮಲ್ಲಿಯೂ ನಡೆಯಿತು. ಆದರೆ ಅದು ಗರಡಿಯ ಹೊರಗಿನ ಸಂಘಟನೆಯಿಂದಲೂ ನಡೆಯಿತು. ನಾ. ಸು. ಹರ್ಡೀಕರರು 1923ರಲ್ಲಿ ಸ್ಥಾಪಿಸಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡ ಹಿಂದುಸ್ತಾನಿ ಸೇವಾದಳವು ಸ್ವಯಂಸೇವಕರಿಗೆ ಕವಾಯತು, ವ್ಯಾಯಾಮ, ಶಿಬಿರಜೀವನಗಳನ್ನು ಕಲಿಸಿತು. ಕವಾಯತಿನಲ್ಲಿ ತರುಣರು ಸಾಲಾಗಿ ನಿಂತು ಒಬ್ಬನ ಆಜ್ಞೆಗೆ ಒಟ್ಟಿಗೆ ಹೆಜ್ಜೆ ಹಾಕುವರು. ಗರಡಿಯಲ್ಲಿ ಜೋಡಿಯಾಗಿ ಕೂಡಿ ಒಬ್ಬರ ಮೈಯನ್ನೊಬ್ಬರು ಓದಿಕೊಳ್ಳುವರು. ಒಂದರ ಫಲ ಏಕರೂಪತೆ, ಇನ್ನೊಂದರ ಫಲ ಪರಸ್ಪರ ವಿಶ್ವಾಸ. ಈ ಭೇದವನ್ನು ಅಳಿಸಿ ಗರಡಿಯೆಲ್ಲ ರಾಷ್ಟ್ರೀಯತೆಯ ಶಾಲೆಯೆಂದರೆ, ಅದು ಊರಿನದಾಗಿದ್ದ ಸಂಗತಿ ಮರೆಯಾಗುವುದು.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರವಾದುದು. 'ಗರಡಿಯಲ್ಲಿ ಜಾತಿಯಿಲ್ಲ' ಎಂಬ ಮಾತನ್ನು ನಮ್ಮ ವಿದ್ಯಾರ್ಥಿಗಳು ಪ್ರಬಂಧಗಳಲ್ಲಿ ಸಿದ್ಧಾಂತದಂತೆ ಬರೆಯುವರು. ಕೆಮ್ಮಣ್ಣಿನ ಕಣದಲ್ಲಿ ಇಬ್ಬರು ಮೈಗೆ ಮೈ ತಾಗಿಸಿ ಸೆಣಸುವಾಗ ಮುಟ್ಟುತಟ್ಟು ನಿಲ್ಲದೆಂಬುದು ನಿಜ. ಹಿಂದೂ ಹುಡುಗನು ಮುಸಲ್ಮಾನ ವಸ್ತಾದನ ಪಾದ ಮುಟ್ಟಿ ಕಣಕ್ಕಿಳಿಯುವುದು ಉತ್ತರ ಕರ್ನಾಟಕದಲ್ಲಿ ಅಪರೂಪವಲ್ಲ. ಇದು ಸಣ್ಣ ಸಂಗತಿಯೂ ಅಲ್ಲ. ಆದರೆ ಕಣದೊಳಗೆ ಭೇದವಿಲ್ಲವೆಂಬುದರಿಂದ ಬಾಗಿಲಲ್ಲಿ ಭೇದವಿರಲಿಲ್ಲವೆಂದು ಸಿದ್ಧವಾಗುವುದಿಲ್ಲ. ಗರಡಿಗಳು ಓಣಿಗೆ ಸೇರಿದವು. ಓಣಿಗಳು ಬಹುಮಟ್ಟಿಗೆ ಜಾತಿಗೆ ಸೇರಿದವು. ಊರ ಹೊರಗಿನ ಕೇರಿಯ ಹುಡುಗನಿಗೆ ಯಾವ ಗರಡಿಯ ಬಾಗಿಲು ತೆರೆದಿತ್ತು? ಜಾತ್ರೆಯ ಕಣದಲ್ಲಿ ಅವನಿಗೆ ಜೋಡಿ ಸಿಗುತ್ತಿತ್ತೇ? ಹೆಣ್ಣುಮಕ್ಕಳಿಗಂತೂ ಹಳೆಯ ಗರಡಿಯಲ್ಲಿ ಪ್ರವೇಶವೇ ಇರಲಿಲ್ಲ. ಈ ಪ್ರಶ್ನೆಗಳನ್ನು ಕೇಳದೆ ಬರೆದ ಪ್ರಶಂಸೆಯಿಂದ ಗರಡಿಗೆ ಗೌರವ ಹೆಚ್ಚದು. ಇದ್ದ ಸೌಹಾರ್ದವನ್ನು ಅದರ ಎಲ್ಲೆಗಳೊಡನೆ ತೋರಿಸಿದಾಗಲೇ ಅದರ ನಿಜವಾದ ಬೆಲೆ ತಿಳಿಯುವುದು.

ತೌಲನಿಕ ಅಧ್ಯಯನದ ಉತ್ಸಾಹದಲ್ಲಿ ಗರಡಿಯನ್ನು ಜಪಾನಿನ 'ದೋಜೊ'ದೊಡನೆ ಹೋಲಿಸುವುದುಂಟು. ಮೋರಿಹೇಯಿ ಉಯೆಶಿಬಾ (1883-1969) ಅವರು ರೂಪಿಸಿದ ಐಕಿಡೋ ವಿದ್ಯೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1931ರಲ್ಲಿ ಟೋಕಿಯೋದಲ್ಲಿ ಅವರು ತೆರೆದ ಶಾಲೆಯಲ್ಲಿ ಶಿಷ್ಯರು ಗುರುವಿನ ಮನೆಯಲ್ಲಿಯೇ ಇದ್ದು, ಕಸಗುಡಿಸುವುದರಿಂದ ಹಿಡಿದು ಎಲ್ಲ ಸೇವೆಯನ್ನು ಮಾಡುತ್ತ ಕಲಿಯುತ್ತಿದ್ದರು. ಒಳಬರುವಾಗ ನಮಸ್ಕಾರ, ಗುರುವಿನಲ್ಲಿ ಶ್ರದ್ಧೆ, ಜೋಡಿಯಾಗಿ ಅಭ್ಯಾಸ, ಒಮ್ಮೆ ಇವನು ಬೀಳುವುದು ಒಮ್ಮೆ ಅವನು ಬೀಳುವುದು. ಇಷ್ಟರ ಮಟ್ಟಿಗೆ ಹೋಲಿಕೆ ಸೊಗಸಾಗಿದೆ. ಎದುರಿಗಿರುವವನೇ ಇಲ್ಲಿ ಪಠ್ಯ, ಅವನಿಗೆ ನೋವಾಗದಂತೆ ನೋಡಿಕೊಳ್ಳುವುದೇ ಮೊದಲ ಪಾಠ ಎಂಬುದು ಎರಡಕ್ಕೂ ಸಮಾನ.

ಆದರೆ ಭೇದಗಳೂ ಅಷ್ಟೇ ಮುಖ್ಯ. ಐಕಿಡೋದ ಮುಖ್ಯ ಪರಂಪರೆಯಲ್ಲಿ ಪಂದ್ಯಗಳಿಲ್ಲ. ಗರಡಿಯ ಸಾಧನೆಗೆ ಜಾತ್ರೆಯ ಕಣವೇ ಕೊನೆಯ ಪರೀಕ್ಷೆ. ಅಲ್ಲಿ ದರ್ಜೆಗಳಿವೆ, ಪ್ರಮಾಣಪತ್ರಗಳಿವೆ, ಗುರುಪರಂಪರೆಯ ಲಿಖಿತ ದಾಖಲೆಯಿದೆ. ಇಲ್ಲಿ ವಸ್ತಾದನ ಅರ್ಹತೆಗೆ ಸಾಕ್ಷಿ ಅವನ ಶಿಷ್ಯರ ಮೈಕಟ್ಟು ಮತ್ತು ಊರವರ ನೆನಪು. ಅಲ್ಲಿಯ ವಿದ್ಯೆ ತನ್ನನ್ನು ತಾನೇ ಬರೆದಿಟ್ಟುಕೊಂಡುದರಿಂದ ಜಗತ್ತಿನಲ್ಲೆಲ್ಲ ಹರಡಿತು. ಇಲ್ಲಿಯದು ಬರೆದಿಟ್ಟುಕೊಳ್ಳಲಿಲ್ಲ; ಆದುದರಿಂದ ಬಾಗಿಲು ಮುಚ್ಚಿದ ಗರಡಿಯೊಡನೆ ಅದರ ಇತಿಹಾಸವೂ ಮುಚ್ಚಿಹೋಗುವುದು. ಈ ವ್ಯತ್ಯಾಸವನ್ನು ಮನಗಾಣಿಸುವುದೇ ಈ ಹೋಲಿಕೆಯ ದೊಡ್ಡ ಪ್ರಯೋಜನವೆಂದು ನಮ್ಮ ಅಭಿಪ್ರಾಯ.

ಹಾಗಾದರೆ ಯಾವುದು ಆಧಾರ? ದೂರ ಹೋಗಬೇಕಾದುದಿಲ್ಲ. ಜಾತ್ರೆಯ ಕುಸ್ತಿಗಾಗಿ ಮುದ್ರಿಸಿದ ಕರಪತ್ರಗಳಲ್ಲಿ ಜೋಡಿಗಳ ಹೆಸರು, ಊರು, ಬಹುಮಾನದ ಮೊತ್ತಗಳಿರುವವು; ಇವನ್ನು ಕೂಡಿಹಾಕಿದರೆ ಯಾವ ಊರು ಯಾವ ಊರೊಡನೆ ಸೆಣಸುತ್ತಿತ್ತೆಂಬ ನಕಾಶೆಯೇ ಸಿದ್ಧವಾಗುವುದು. ಜಾತ್ರೆಯ ಲೆಕ್ಕದ ಪುಸ್ತಕಗಳಿಂದ ಬೆಳ್ಳಿಯ ಕಡಗಕ್ಕೆ, ಹಲಗೆಯವರಿಗೆ, ಪರವೂರ ಪೈಲ್ವಾನರ ಊಟಕ್ಕೆ ಆದ ವೆಚ್ಚ ತಿಳಿಯುವುದು. ಮುಂಬಯಿ ಆಧಿಪತ್ಯದ ಕಾಲದ ಇನಾಮು ದಫ್ತರುಗಳಲ್ಲಿ ಗರಡಿಗೆ ಭೂಮಿ ಬಿಟ್ಟುದುಂಟೇ ಎಂಬುದನ್ನು ಹುಡುಕಬೇಕು. ಸವಣೂರು 1948ರ ವರೆಗೆ ಬೇರೆ ಸಂಸ್ಥಾನವಾಗಿದ್ದುದರಿಂದ ಅಲ್ಲಿಯ ಕಾಗದಪತ್ರಗಳನ್ನು ಬೇರೆಯಾಗಿಯೇ ನೋಡಬೇಕು. ಮಾರುತಿಯ ಗುಡಿಯ ಮುಂದೆ ಬಿದ್ದಿರುವ ಎತ್ತುವ ಗುಂಡುಗಳೂ, ಗರಡಿಯ ಗೋಡೆಯ ಮೇಲಿನ ಭಾವಚಿತ್ರಗಳೂ ಆಧಾರಗಳೇ.

ಎಲ್ಲಕ್ಕೂ ಮಿಗಿಲಾದುದು ವೃದ್ಧ ವಸ್ತಾದರ ಮಾತು. ಕುಸ್ತಿಯು ಮಣ್ಣಿನಿಂದ ಮ್ಯಾಟಿಗೆ ಏರಿದೆ. ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿದ ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಪಡೆದರು. 2016ರಲ್ಲಿ ಸಾಕ್ಷಿ ಮಲಿಕ್ ಕಂಚನ್ನು ಗೆದ್ದು, ಕುಸ್ತಿಯಲ್ಲಿ ಪದಕ ತಂದ ಮೊದಲ ಭಾರತೀಯ ಮಹಿಳೆಯಾದರು. ಈ ಪರಿವರ್ತನೆಯನ್ನು ಹಳಿಯಬೇಕಾದುದಿಲ್ಲ. ಅದು ಹೊಸಬರಿಗೆ ಬಾಗಿಲು ತೆರೆದಿದೆ. ಆದರೆ ಊರು ತನ್ನ ಪೈಲ್ವಾನನನ್ನು ತಾನೇ ಸಾಕಿ ಬೆಳೆಸಿದ ವ್ಯವಸ್ಥೆಯನ್ನು ಕಣ್ಣಾರೆ ಕಂಡವರ ತಲೆಮಾರು ಸರಿಯುತ್ತಿದೆ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯವೇ ಸ್ಥಾಪಿತವಾಗಿರುವಾಗ ಇತಿಹಾಸ ವಿಭಾಗಗಳು ಅದರೊಡನೆ ಕೂಡಿ ಕೆಲಸ ಮಾಡುವುದು ಕಷ್ಟವಲ್ಲ. ಒಂದೊಂದು ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಒಂದೊಂದು ಗರಡಿಯ ವೃತ್ತಾಂತವನ್ನು, ಯಾರು ಕಲಿತರು, ಯಾರು ಕಲಿಸಿದರು, ಯಾರು ಹೊರಗುಳಿದರು ಎಂಬ ಮೂರು ಪ್ರಶ್ನೆಗಳೊಡನೆ ಬರೆದಿಟ್ಟರೆ ಸಾಕು. ಮಾನಸೋಲ್ಲಾಸವು ಅರಸನ ಕಣ್ಣಿನಿಂದ ಮಲ್ಲನನ್ನು ಕಂಡಿತು, ವೀರಗಲ್ಲು ಮರಣದ ಕಡೆಯಿಂದ ಭಟನನ್ನು ಕಂಡಿತು. ಮಣ್ಣಿನಲ್ಲಿ ನಿಂತವನ ಕಡೆಯಿಂದ ಗರಡಿಯನ್ನು ಕಾಣುವ ಕೆಲಸ ಇನ್ನು ಮೇಲೆ ಆಗತಕ್ಕದ್ದು.