ಹುತಾತ್ಮನೂ ಮತದಾರನೂ: ನಮ್ಮ ರಾಜಕೀಯ ಕಥನದ ಒಂದು ಕೊರತೆ

೧

ವಾಮಪಕ್ಷದ ಚಳವಳಿಗಳನ್ನು ವಸ್ತುವಾಗಿ ಉಳ್ಳ ಗ್ರಂಥಗಳು ಕನ್ನಡದಲ್ಲಿ ಅಲ್ಪವೇನೂ ಅಲ್ಲ. ಪ್ರಗತಿಶೀಲರ ಕಾಲದಿಂದ ಬಂಡಾಯದ ಕಾಲದವರೆಗೆ ಗೇಣಿದಾರನ ಬವಣೆ, ಕೂಲಿಕಾರನ ಮುಷ್ಕರ, ಧಣಿಯ ದರ್ಪ, ಸೆರೆಮನೆ, ಗಲ್ಲು ಇವು ನಮ್ಮ ಗದ್ಯದಲ್ಲಿ ಗಟ್ಟಿಯಾಗಿ ನೆಲೆಗೊಂಡಿವೆ. ಆದರೆ ಈ ಚಳವಳಿಗಳು ಯಾವ ದ್ವಾರದಿಂದ ರಾಜ್ಯಾಡಳಿತದೊಳಕ್ಕೆ ಪ್ರವೇಶಿಸಿದುವೋ ಆ ಚುನಾವಣೆಯು, ಅದರಲ್ಲಿಯೂ ಮತ ಕೊಡುವ ಸಾಮಾನ್ಯ ಮನುಷ್ಯನು, ಅದೇ ಗ್ರಂಥಗಳಲ್ಲಿ ಎಷ್ಟರಮಟ್ಟಿಗೆ ಕಾಣಿಸಿಕೊಳ್ಳುವನು ಎಂಬುದು ವಿಚಾರಿಸತಕ್ಕ ವಿಷಯ. ನಿರಂಜನರ ‘ಚಿರಸ್ಮರಣೆ’ (೧೯೫೫), ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ (೧೯೭೮) ಎಂಬ ಎರಡು ಕಾದಂಬರಿಗಳನ್ನೂ, ಸಿದ್ಧಲಿಂಗಯ್ಯನವರ ಆತ್ಮಕಥನವಾದ ‘ಊರುಕೇರಿ’ಯ ಮೊದಲ ಭಾಗವನ್ನೂ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಪ್ರಶ್ನೆಯು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪ್ರಾಂತದ ವಾಚಕನಿಗೆ ತಾನಾಗಿಯೇ ಹುಟ್ಟುವಂಥದು. ೧೮೫೮ರಲ್ಲಿ ಮುಂಡರಗಿಯ ಭೀಮರಾಯನೂ ಹಮ್ಮಿಗೆಯ ಕೆಂಚನಗೌಡನೂ ಮಡಿದದ್ದು ಕೊಪ್ಪಳದ ಕೋಟೆಯಲ್ಲಿ. ಅದು ವೀರಮರಣದ ನೆನಪು. ಇದೇ ನೆಲಕ್ಕೆ ಮತ್ತೊಂದು ನೆನಪೂ ಉಂಟು. ನಿಜಾಮರ ಆಳಿಕೆಯಲ್ಲಿ ತಲೆಮಾರುಗಳನ್ನು ಕಳೆದ ಇಲ್ಲಿಯ ಒಕ್ಕಲು, ೧೯೫೨ರ ಮಹಾಚುನಾವಣೆಯಲ್ಲಿ, ೨೧ ವರ್ಷ ತುಂಬಿದ ಸ್ತ್ರೀಪುರುಷರೆಲ್ಲರಿಗೂ ದೊರೆತ ಮತಾಧಿಕಾರವನ್ನು ಮೊತ್ತಮೊದಲು ಚಲಾಯಿಸಿತು. ಕುಷ್ಟಗಿ ಲೋಕಸಭಾ ಕ್ಷೇತ್ರದಿಂದ ಆಗ ಗೆದ್ದವರು, ಯಾವ ಪಕ್ಷಕ್ಕೂ ಸೇರದೆ ನಿಂತಿದ್ದ ಅಳವಂಡಿ ಶಿವಮೂರ್ತಿಸ್ವಾಮಿಗಳು. ರಜಾಕಾರರ ಹಾವಳಿಯ ದಿನಗಳಲ್ಲಿ ಮುಂಡರಗಿ ಶಿಬಿರವನ್ನು ನಡೆಸಿದವರು. ಇವರು ವಾಮಪಕ್ಷದವರಲ್ಲ. ಆದರೂ ಹೋರಾಟವು ಮತಪೆಟ್ಟಿಗೆಯೊಳಗೆ ಹೇಗೆ ಮುಂದುವರಿಯುವುದೆಂಬುದಕ್ಕೆ ಇದು ಕಣ್ಣೆದುರಿನ ಉದಾಹರಣೆ. ಅದೇ ಹೈದರಾಬಾದ್ ಸಂಸ್ಥಾನದ ತೆಲಂಗಾಣ ಭಾಗದಲ್ಲಿ ಕಮ್ಯೂನಿಸ್ಟರು ತಮ್ಮ ಸಶಸ್ತ್ರ ಹೋರಾಟವನ್ನು ೧೯೫೧ರ ಅಕ್ಟೋಬರಿನಲ್ಲಿ ಹಿಂತೆಗೆದುಕೊಂಡು, ಕೆಲವೇ ತಿಂಗಳಲ್ಲಿ ಬೇರೊಂದು ಹೆಸರಿನಲ್ಲಿ ಚುನಾವಣೆಗೆ ನಿಂತರು. ನಲ್ಗೊಂಡದಿಂದ ರಾವಿ ನಾರಾಯಣ ರೆಡ್ಡಿಯವರಿಗೆ ಬಂದ ಮತಗಳು ಜವಾಹರಲಾಲ ನೆಹರೂ ಅವರಿಗೆ ಬಂದುವುಗಳಿಗಿಂತ ಹೆಚ್ಚು. ಬಂದೂಕಿನಿಂದ ಮತಪತ್ರಕ್ಕೆ ಆದ ಈ ದಾಟು ಸಾಮಾನ್ಯವಾದುದಲ್ಲ. ಇಂತಹ ದಾಟನ್ನು ನಮ್ಮ ಕಾದಂಬರಿಕಾರರು ಹೇಗೆ ಕಂಡಿರುವರು?

೨

‘ಚಿರಸ್ಮರಣೆ’ಯ ವಸ್ತು ಕೈಯೂರಿನದು. ೧೯೪೧ರ ಮಾರ್ಚ್ ೨೮ರಂದು ಕಾಸರಗೋಡು ಸೀಮೆಯ ಆ ಹಳ್ಳಿಯಲ್ಲಿ ರೈತರ ಮೆರವಣಿಗೆಗೆ ಎದುರಾದ ಪೊಲೀಸನೊಬ್ಬನು ಹೊಳೆಯಲ್ಲಿ ಸತ್ತನು. ಆ ಮೊಕದ್ದಮೆಯಲ್ಲಿ ನಾಲ್ವರು ರೈತ ಯುವಕರನ್ನು ೧೯೪೩ರ ಮಾರ್ಚ್ ೨೯ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ನಿರಂಜನರು ಈ ಸಂಗತಿಯನ್ನು ಅಪ್ಪು, ಚಿರುಕಂಡ ಎಂಬ ಇಬ್ಬರು ಬಾಲಕರ ಬೆಳವಣಿಗೆಯ ಕಥೆಯನ್ನಾಗಿ ಮಾಡಿರುವರು. ಇದು ಈ ಕೃತಿಯ ದೊಡ್ಡ ಗುಣ. ಚಳವಳಿಯು ಇಲ್ಲಿ ಹೊರಗಿನಿಂದ ಬಂದು ಹಳ್ಳಿಯ ಮೇಲೆ ಬೀಳುವುದಿಲ್ಲ. ಶಾಲೆಯ ಮಾಸ್ತರರ ಮಾತಿನಿಂದ, ಅಕ್ಷರದ ಆಸೆಯಿಂದ, ಬಡವನಿಗೆ ಆದ ಅವಮಾನದಿಂದ, ಮೆಲ್ಲಮೆಲ್ಲನೆ ಮೊಳೆಯುವುದು. ಹುಡುಗರು ಓದಲು ಕಲಿಯುವುದಕ್ಕೂ ಸಂಘ ಕಟ್ಟಲು ಕಲಿಯುವುದಕ್ಕೂ ನಡುವೆ ಗ್ರಂಥಕರ್ತರು ಗೆರೆ ಎಳೆಯುವುದಿಲ್ಲ.

ಕಥೆಯು ಗಲ್ಲಿನಲ್ಲಿ ಮುಗಿಯುವುದು ಐತಿಹಾಸಿಕ ಸತ್ಯಕ್ಕೆ ಅನುಗುಣವೇ ಸರಿ. ಇದರಲ್ಲಿ ದೋಷ ಹುಡುಕುವುದು ಸಲ್ಲದು. ಆದರೆ ಗ್ರಂಥವು ಹೊರಬಂದ ೧೯೫೫ರ ವೇಳೆಗೆ ದೇಶದಲ್ಲಿ ಒಂದು ಮಹಾಚುನಾವಣೆ ಆಗಿಹೋಗಿತ್ತು. ಎರಡು ವರ್ಷಗಳ ತರುವಾಯ, ೧೯೫೭ರಲ್ಲಿ, ಕೈಯೂರಿನ ಸಮೀಪದ ನೀಲೇಶ್ವರ ಕ್ಷೇತ್ರದಿಂದಲೇ ಗೆದ್ದ ಇ. ಎಂ. ಎಸ್. ನಂಬೂದಿರಿಪಾಡರು ಕೇರಳದ ಮೊದಲ ಮುಖ್ಯಮಂತ್ರಿಗಳಾದರು. ಎಂದಮೇಲೆ, ಕೈಯೂರಿನ ಕಥೆಯ ಉತ್ತರಕಾಂಡವು ಮತಪೆಟ್ಟಿಗೆಯಲ್ಲಿ ಬರೆಯಲ್ಪಟ್ಟಿತು ಎನ್ನಬೇಕಾಗುವುದು. ಕಾದಂಬರಿಯ ಹೆಸರು ನಮ್ಮಿಂದ ಬೇಡುವುದು ಸ್ಮರಣೆಯನ್ನು. ಸ್ಮರಣೆಗೆ ಮುಗಿದ ಬಾಳು ಬೇಕು. ಮತದಾನವೋ ಮುಗಿಯದ ಕೆಲಸ. ಈ ಭೇದವನ್ನು ವಾಚಕನು ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು.

೩

‘ಅವಸ್ಥೆ’ಯಲ್ಲಿ ಈ ನೆಪ ಸಾಗದು. ಇದರ ನಾಯಕ ಕೃಷ್ಣಪ್ಪ ಗೌಡನು ದನ ಕಾಯುವ ಹುಡುಗನಾಗಿದ್ದು, ರೈತರ ನಾಯಕನಾಗಿ, ಶಾಸಕನಾಗಿ, ಈಗ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿರುವನು. ಮುಖ್ಯಮಂತ್ರಿಯಾಗೆಂದು ಅವನನ್ನು ಕರೆಯುತ್ತಿರುವರು. ಈ ಪಾತ್ರಕ್ಕೆ ಸಮಾಜವಾದಿ ಮುಖಂಡರಾದ ಶಾಂತವೇರಿ ಗೋಪಾಲಗೌಡರ ಬಾಳು ಪ್ರೇರಣೆಯೆಂಬುದು ಪ್ರಸಿದ್ಧ. ಗೋಪಾಲಗೌಡರ ಜೀವನದಲ್ಲಿ ಕಾಗೋಡು ಸತ್ಯಾಗ್ರಹಕ್ಕೂ (೧೯೫೧) ವಿಧಾನಸಭೆಗೆ ಅವರು ಆರಿಸಿಬಂದುದಕ್ಕೂ (೧೯೫೨) ಒಂದು ವರ್ಷದಷ್ಟೂ ಅಂತರವಿಲ್ಲ. ಅಲ್ಲಿ ಚಳವಳಿಯ ಹೆಜ್ಜೆಯೂ ಚುನಾವಣೆಯ ಹೆಜ್ಜೆಯೂ ಒಂದೇ ನಡಿಗೆಯವು.

ಅನಂತಮೂರ್ತಿಯವರ ಗಮನವು ಬೇರೆಡೆಯಲ್ಲಿ ಇದೆ. ಕೃಷ್ಣಪ್ಪನಿಗೆ ಕ್ರಾಂತಿಯ ವಿಚಾರವನ್ನು ತಂದುಕೊಟ್ಟ ಅಣ್ಣಾಜಿಯು ಪೊಲೀಸರ ಕೈಯಲ್ಲಿ ಸಾಯುವನು. ಕೃಷ್ಣಪ್ಪನು ವಾರಂಗಲ್ಲಿನ ಕೋಟೆಯ ಠಾಣೆಯಲ್ಲಿ ಚಿತ್ರಹಿಂಸೆಯನ್ನು ಅನುಭವಿಸುವನು. ಈ ಭಾಗಗಳು ಓದುಗನ ಮೈ ನಡುಗಿಸುವಂತೆ ಇವೆ. ವಾರಂಗಲ್ಲೂ ಕೊಪ್ಪಳವೂ ೧೯೫೬ರವರೆಗೆ ಒಂದೇ ರಾಜ್ಯಕ್ಕೆ ಸೇರಿದ್ದುವಾದ್ದರಿಂದ ನಮ್ಮ ಪ್ರಾಂತದವರಿಗೆ ಆ ಠಾಣೆಯು ದೂರದ್ದೆಂದು ತೋರದು. ಮುಂದೆ ಕಾದಂಬರಿಯು ರಾಜಧಾನಿಯ ರಾಜಕೀಯಕ್ಕೆ ಬರುವುದು. ಇಲ್ಲಿ ಗುತ್ತಿಗೆದಾರ ವೀರಣ್ಣನ ಉಪಕಾರಗಳು, ಭಿನ್ನಮತೀಯ ಶಾಸಕರ ಲೆಕ್ಕಾಚಾರ, ನಾಯಕನಿಗೆ ತನ್ನಲ್ಲಿಯೇ ಹುಟ್ಟುವ ಹೇಸಿಗೆ ಇವೆಲ್ಲ ಸೂಕ್ಷ್ಮವಾಗಿ ಚಿತ್ರಿತವಾಗಿವೆ. ನಗರವು ಹೋರಾಟಗಾರನನ್ನು ಬಗ್ಗಿಸುವುದು ಬೆದರಿಕೆಯಿಂದಲ್ಲ, ಸೌಕರ್ಯದಿಂದ ಎಂಬ ಸತ್ಯವನ್ನು ಕನ್ನಡದಲ್ಲಿ ಇಷ್ಟು ಮರ್ಮವರಿತು ಹೇಳಿದ ಗ್ರಂಥ ಅಪರೂಪ.

ಆದರೂ ಈ ಚಿತ್ರದಲ್ಲಿ ಒಂದು ಸ್ಥಾನ ಬರಿದಾಗಿದೆ. ಒಂದು ಕಡೆ ಠಾಣೆಯ ಹಿಂಸೆ, ಇನ್ನೊಂದು ಕಡೆ ಅಧಿಕಾರದ ಆಮಿಷ. ಇವೆರಡರ ನಡುವೆ ಕೃಷ್ಣಪ್ಪನನ್ನು ಆರಿಸಿ ಕಳುಹಿಸಿದ ಗೇಣಿದಾರನು ಎಲ್ಲಿ? ಧಣಿಯ ಮನೆಯ ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವನು ಅದೇ ಧಣಿಯ ಇಚ್ಛೆಗೆ ವಿರುದ್ಧವಾಗಿ ಮತ ಹಾಕಿದ ಗಳಿಗೆ ಯಾವುದು? ಕಾದಂಬರಿಯು ಅವನ ಅಂತರಂಗಕ್ಕೆ ಇಳಿಯುವುದಿಲ್ಲ. ಆದಕಾರಣ ಶಾಸಕತನವೆಂಬುದು ನಾಯಕನ ಆತ್ಮಕ್ಕೆ ಒದಗಿದ ಒಂದು ಪರೀಕ್ಷೆಯಾಗಿ ತೋರುವುದೇ ಹೊರತು, ಸಾವಿರಾರು ಜನರು ಅವನ ಕೈಯಲ್ಲಿಟ್ಟ ನಂಬಿಕೆಯಾಗಿ ತೋರುವುದಿಲ್ಲ. ಪತನವು ನಾಯಕನೊಬ್ಬನದಾಗುವುದು, ನಷ್ಟವು ಯಾರದೆಂಬುದು ಮರೆಯಾಗುವುದು.

೪

ನಗರದೊಳಗಿನ ಬಡವನ ದೃಷ್ಟಿಯಿಂದ ರಾಜಕೀಯವನ್ನು ನೋಡಬೇಕಾದರೆ ‘ಊರುಕೇರಿ’ಯನ್ನು ತೆರೆಯಬೇಕು. ಮಾಗಡಿ ಸೀಮೆಯ ಮಂಚನಬೆಲೆಯಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದ ಹುಡುಗನು ವಿದ್ಯಾರ್ಥಿನಿಲಯದ ವಾದವಿವಾದಗಳಲ್ಲಿ, ಸಭೆಗಳಲ್ಲಿ, ಮೆರವಣಿಗೆಗಳಲ್ಲಿ ಭಾಷಣಕಾರನಾಗಿ ಬೆಳೆದ ಬಗೆಯನ್ನು ಸಿದ್ಧಲಿಂಗಯ್ಯನವರು ನಗೆಯೊಡನೆ ಹೇಳಿರುವರು. ಈ ನಗೆಯು ಹಗುರವಾದುದಲ್ಲ. ಹಸಿವನ್ನೂ ಅವಮಾನವನ್ನೂ ಹೇಳುವಾಗ ಅದು ಹುತಾತ್ಮತೆಯ ಗಾಂಭೀರ್ಯವನ್ನು ದೂರವಿಡುವುದು. ಭಾಷಣಕಾರನು ತನ್ನ ಆವೇಶವನ್ನೇ ನೋಡಿ ನಗುವನು. ಆದಕಾರಣವೇ ಇಲ್ಲಿ ಸಭೆಗೆ ಬಂದ ಜನರು ಬರಿಯ ಗುಂಪಾಗದೆ, ಒಬ್ಬೊಬ್ಬರಾಗಿ ಕಣ್ಣಿಗೆ ಕಾಣುವರು.

ದೊಡ್ಡ ನಗರದಲ್ಲಿ ವಾಮಪಕ್ಷದ ಮೈದಾನ ತುಂಬುವುದೂ ಮತಪೆಟ್ಟಿಗೆ ತುಂಬದಿರುವುದೂ ಒಟ್ಟಿಗೆ ನಡೆಯಬಹುದಾದ ಸಂಗತಿಗಳು. ಕೂಲಿಗಾಗಿ ಕಾರ್ಮಿಕಸಂಘದ ಕೆಂಬಾವುಟದ ಹಿಂದೆ ನಡೆದವನು ಮತಗಟ್ಟೆಗೆ ಹೋಗುವಾಗ ಜಾತಿಯವನಾಗಿ, ಕೇರಿಯವನಾಗಿ, ಯಾರದೋ ಉಪಕಾರಕ್ಕೆ ಕಟ್ಟುಬಿದ್ದವನಾಗಿ ಹೋಗುವುದುಂಟು. ಇದನ್ನು ಮೋಸವೆಂದು ಹಳಿಯುವುದು ಸುಲಭ. ಅವನ ಮನಸ್ಸಿನಲ್ಲಿ ನಡೆದ ತೂಕವನ್ನು ಅರಿಯುವುದು ಕಷ್ಟ. ‘ಊರುಕೇರಿ’ಯ ನಗೆಯಲ್ಲಿ ಈ ಅರಿವಿಗೆ ಬೇಕಾದ ಉಪಕರಣ ಇದೆ. ಅದನ್ನು ಕಾದಂಬರಿಯ ವಿಸ್ತಾರದಲ್ಲಿ ಮತದಾರನ ಮೇಲೆ ಪ್ರಯೋಗಿಸಿ ನೋಡುವ ಕೆಲಸ ಉಳಿದಿದೆ.

೫

ಈ ಕೊರತೆಗೆ ಕಾರಣವೇನು? ನಮ್ಮ ಸಂಪ್ರದಾಯವು ವೀರಗಲ್ಲಿನದು. ಬಿದ್ದವನನ್ನು ನಿಲ್ಲಿಸಿ ಪೂಜಿಸುವುದು ನಮಗೆ ಅಭ್ಯಾಸ. ಆದಕಾರಣ ಸಾವಿಲ್ಲದ ರಾಜಕೀಯವು ನಮ್ಮ ಕಥನಕ್ಕೆ ಒಗ್ಗದು ಎಂದು ಕೆಲವರು ಹೇಳಬಹುದು. ಈ ವಾದದಲ್ಲಿ ಅರ್ಧ ಸತ್ಯವಿದೆ. ಜೆ. ಎಫ್. ಫ್ಲೀಟರು ೧೮೮೫ರಿಂದ ಮೊದಲುಗೊಂಡು ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನದೂ ಹಲಗಲಿಯ ಬೇಡರದೂ ಇರುವುದು ನಿಜ. ಆದರೆ ಅದೇ ಸಂಗ್ರಹದಲ್ಲಿ ವರಮಾನ ತೆರಿಗೆಯನ್ನು ಕುರಿತ ಲಾವಣಿಯೂ ಇದೆ! ತೆರಿಗೆಯಲ್ಲಿ ಕತ್ತಿಯಿಲ್ಲ, ಕುದುರೆಯಿಲ್ಲ, ಮಡಿದ ವೀರನಿಲ್ಲ. ಕಾಗದ, ಲೆಕ್ಕ, ಸರಕಾರ, ಜನರ ಗೊಣಗಾಟ ಇಷ್ಟೇ. ಅದನ್ನೂ ಹಾಡಬಲ್ಲ ಜನಪದ ಕವಿಗೆ ಚುನಾವಣೆಯು ಅಸಾಧ್ಯ ವಸ್ತುವಾಗಲಾರದು. ಕೊರತೆಯು ಸಂಪ್ರದಾಯದಲ್ಲಿಲ್ಲ, ಅದರಲ್ಲಿ ನಾವು ಆರಿಸಿಕೊಂಡ ಭಾಗದಲ್ಲಿದೆ.

ಮತದಾನವು ಒಂದು ಗಳಿಗೆಯ ಕೆಲಸ, ಅದೂ ಗುಪ್ತವಾದುದು, ಅದರಲ್ಲಿ ಚಿತ್ರಿಸುವುದಕ್ಕೆ ಏನಿದೆ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ನಮ್ಮ ಸಮಾಧಾನ ಹೀಗಿದೆ: ಗುಪ್ತವಾದುದನ್ನು ಕಾಣಿಸುವುದೇ ಕಾದಂಬರಿಯ ವಿಶೇಷಾಧಿಕಾರ. ೧೯೫೨ರಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ; ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಓದುಬರಹ ಬಾರದ ಹೆಣ್ಣುಮಗಳು ಪರದೆಯ ಹಿಂದೆ ಹೋಗಿ ಆ ಪೆಟ್ಟಿಗೆಗಳ ಮುಂದೆ ಒಬ್ಬಳೇ ನಿಂತಳು. ಗೌಡನು ಹೊರಗಿದ್ದನು, ಗಂಡನು ಹೊರಗಿದ್ದನು, ಸಂಘದ ಮುಖಂಡನೂ ಹೊರಗಿದ್ದನು. ಅವಳ ಕೈ ಯಾವ ಪೆಟ್ಟಿಗೆಯ ಕಡೆಗೆ ಏಕೆ ಹೋಯಿತು ಎಂಬುದನ್ನು ಚರಿತ್ರಕಾರನು ಹೇಳಲಾರನು. ಮತಗಳ ಮೊತ್ತವನ್ನು ಮಾತ್ರ ಅವನು ಬಲ್ಲನು. ಆ ಪರದೆಯ ಹಿಂದಕ್ಕೆ ಹೋಗಬಲ್ಲವನು ಕಾದಂಬರಿಕಾರನೊಬ್ಬನೇ.

೬

ಮೇಲೆ ಹೇಳಿದ ಮಾತುಗಳಿಂದ ಈ ಗ್ರಂಥಗಳ ಹಿರಿಮೆಗೆ ಕುಂದು ಬರತಕ್ಕದ್ದಲ್ಲ. ‘ಚಿರಸ್ಮರಣೆ’ಯು ಶ್ರದ್ಧೆಯನ್ನೂ ‘ಅವಸ್ಥೆ’ಯು ಆತ್ಮಪರೀಕ್ಷೆಯನ್ನೂ ‘ಊರುಕೇರಿ’ಯು ನಗೆಯನ್ನೂ ನಮ್ಮ ರಾಜಕೀಯ ಗದ್ಯಕ್ಕೆ ತಂದುಕೊಟ್ಟಿವೆ. ಆದರೆ ಇವುಗಳನ್ನು ಪಾಠ ಹೇಳುವ ಉಪಾಧ್ಯಾಯರು ಒಂದು ಅಪಾಯವನ್ನು ಗಮನಿಸಬೇಕು. ಗಲ್ಲಿಗೇರಿದವನು ಪೂಜ್ಯನು, ಆರಿಸಿಬಂದವನು ಭ್ರಷ್ಟನು ಎಂಬ ಎರಡೇ ಚಿತ್ರಗಳು ವಿದ್ಯಾರ್ಥಿಯ ಮನಸ್ಸಿನಲ್ಲಿ ಉಳಿದರೆ, ಇವರಿಬ್ಬರ ನಡುವೆ ತಾನು ಯಾರೆಂಬುದು ಅವನಿಗೆ ತಿಳಿಯದೆ ಹೋಗುವುದು. ಅವನು ಹುತಾತ್ಮನಲ್ಲ, ಶಾಸಕನೂ ಅಲ್ಲ, ಅವನು ಮತದಾರನು. ಸಾಹಿತ್ಯವು ಅವನಿಗೆ ಅವನ ಮುಖವನ್ನು ತೋರಿಸಿಕೊಡಬೇಕು.

ತುಂಗಭದ್ರೆಯ ಕಾಲುವೆಯ ನೀರು ಗಂಗಾವತಿಯ ಗದ್ದೆಗಳಿಗೆ ಹರಿದುದರಿಂದ ಅಲ್ಲಿ ಅಕ್ಕಿಯ ಗಿರಣಿಗಳು ಎದ್ದುವು. ಗಿರಣಿಗಳಲ್ಲಿ ಮೂಟೆ ಹೊರುವ ಹಮಾಲರು ನೆರೆದರು. ಕುಷ್ಟಗಿ, ಯಲಬುರ್ಗಾಗಳ ಮಳೆಯಾಧಾರದ ಹೊಲದವನು ಬರ ಬಂದಾಗ ದೊಡ್ಡ ನಗರಗಳಿಗೆ ಗುಳೆ ಹೋಗುವನು. ಮತ ಹಾಕುವುದಕ್ಕೆ ಊರಿಗೆ ಬರಬೇಕಾದರೆ ಎರಡು ದಿನದ ಕೂಲಿಯನ್ನು ಬಿಟ್ಟು ಬರಬೇಕು. ಆ ಎರಡು ದಿನದ ಕೂಲಿಯನ್ನು ಅವನು ಯಾವ ನಂಬಿಕೆಯ ಮೇಲೆ ಬಿಡುವನು, ಅಥವಾ ಯಾವ ಅಪನಂಬಿಕೆಯಿಂದ ಬಿಡದೆ ಉಳಿಯುವನು ಎಂಬುದು ಕೈಯೂರಿನ ಕಥೆಗಿಂತ ಕಿರಿದಾದ ವಸ್ತುವಲ್ಲ. ಅದನ್ನು ಬರೆಯಬಲ್ಲ ಲೇಖಕನು ಈ ಸೀಮೆಯಿಂದಲೇ ಬಂದರೆ ಕನ್ನಡಕ್ಕೆ ಲಾಭ.