ಕೊಂಢವಾದಲ್ಲಿ ಕೂತು ‘ಹಿಜಾಬ್’ ಮರುಓದು

ಗುರುಪ್ರಸಾದ್ ಕಾಗಿನೆಲೆಯವರ ‘ಹಿಜಾಬ್’ ಕಾದಂಬರಿಯನ್ನು 2017ರಲ್ಲಿ ಬಂದಾಗಲೇ ಓದಿದ್ದೆ. ಆಗ ಅದು ಅಮೆರಿಕದವರ ಕತೆ ಅನ್ನಿಸಿತ್ತು. ಈಚೆಗೆ ಅದನ್ನು ಮತ್ತೆ ಕೈಗೆತ್ತಿಕೊಂಡದ್ದು ನಮ್ಮ ಸೊಸೈಟಿಯ ಒಂದು ಸಭೆಯಿಂದ ಎದ್ದು ಬಂದ ಮೇಲೆ.

ನಾನಿರುವುದು ಪುಣೆಯ ಕೊಂಢವಾದಲ್ಲಿ. ಯೆಮೆನ್, ಸುಡಾನ್ ಕಡೆಯಿಂದ ಓದಲು ಬಂದ ಹುಡುಗರು ಇಲ್ಲಿ ಬಾಡಿಗೆಗಿರುವುದು ಹೊಸದೇನಲ್ಲ. ವಿದೇಶಿಯರು ಬಂದಿಳಿದ 24 ಗಂಟೆಯೊಳಗೆ ಮನೆ ಮಾಲೀಕರು ನಿಗದಿತ ಫಾರ್ಮ್ ತುಂಬಬೇಕು. ಆ ತಲೆನೋವೇ ಬೇಡ, ಅವರಿಗೆ ಮನೆ ಕೊಡುವುದನ್ನೇ ನಿಲ್ಲಿಸೋಣ ಎಂದು ಠರಾವು ಬಂತು. ಎಷ್ಟು ಜನ ಇರ್ತಾರೆ, ಏನು ತಿಂತಾರೆ, ರಾತ್ರಿ ಎಷ್ಟು ಹೊತ್ತಿಗೆ ಬರ್ತಾರೆ? ನಾನು ಈ ಊರಿಗೆ ಬಂದು ಮನೆ ಹುಡುಕುವಾಗ ನನಗೂ ಇವೇ ಪ್ರಶ್ನೆ ಬಿದ್ದಿದ್ದವು. 2022ರ ಡಿಸೆಂಬರಿನಲ್ಲಿ ಗಡಿ ಜಗಳ ಎದ್ದು ಸ್ವಾರಗೇಟಿನಲ್ಲಿ ಕರ್ನಾಟಕದ ಬಸ್ಸುಗಳಿಗೆ ಬಣ್ಣ ಬಳಿದಾಗ, ಅಮ್ಮನ ಜೊತೆ ಫೋನಿನಲ್ಲಿ ದನಿ ತಗ್ಗಿಸಿ ಮಾತಾಡಿದವನೂ ನಾನೇ. ಆದರೂ ಸಹಿ ಹಾಕಿ ಬಂದೆ.

‘ಹಿಜಾಬ್’ನ ವೈದ್ಯರು ಈ ಸಲ ಬೇರೆಯಾಗಿ ಕಂಡರು. ಮಿನೆಸೋಟಾ ರಾಜ್ಯದ ಅಮೋಕಾ ಎಂಬ ಸಣ್ಣ ಊರಿನಲ್ಲಿ ದುಡಿಯುತ್ತ ಗ್ರೀನ್ ಕಾರ್ಡಿಗೆ ಕಾಯುತ್ತಿರುವ ಭಾರತೀಯರು ಅವರು. ಜೆ-1 ವೀಸಾದಲ್ಲಿ ತರಬೇತಿ ಮುಗಿಸಿದ ವೈದ್ಯರು 2 ವರ್ಷ ಸ್ವದೇಶಕ್ಕೆ ಮರಳಬೇಕೆಂಬುದು ಅಮೆರಿಕದ ನಿಯಮ. ವೈದ್ಯರ ಕೊರತೆಯಿರುವ ಕಡೆ 3 ವರ್ಷ ಕೆಲಸ ಮಾಡಿದರೆ ವಿನಾಯಿತಿ. ನಮ್ಮ ಹಳ್ಳಿಗೆ ಹೋಗಲೊಲ್ಲದ ಡಾಕ್ಟರು ಅವರ ಹಳ್ಳಿಗೆ ಹೋಗುವುದು ಹೀಗೆ. ಅದೇ ಊರಿಗೆ ಯುದ್ಧದಿಂದ ಪಾರಾಗಿ ಬಂದ ಆಫ್ರಿಕಾದ ನಿರಾಶ್ರಿತರೂ ಇದ್ದಾರೆ. ಅವರ ಬಸುರಿ ಹೆಂಗಸರು ಸಿಸೇರಿಯನ್ ಬೇಡವೆನ್ನುತ್ತಾರೆ. ಜೀವ ಉಳಿಸಬೇಕೋ, ಬೇಡವೆಂದವಳ ಮಾತಿಗೆ ಬೆಲೆ ಕೊಡಬೇಕೋ?

ಕಾಗಿನೆಲೆ ಸ್ವತಃ ಮಿನೆಸೋಟಾದಲ್ಲಿ ವೈದ್ಯರು. ಆಸ್ಪತ್ರೆಯ ಪುಟಗಳು ಎಲ್ಲೂ ಹುಸಿಯೆನಿಸುವುದಿಲ್ಲ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ತನ್ನ ಕಾಗದಪತ್ರವೇ ಇನ್ನೂ ಪೂರ್ತಿಯಾಗದ ವಲಸಿಗ, ಇನ್ನೊಬ್ಬ ವಲಸಿಗಳನ್ನು ನೋಡುವಾಗ ಸರ್ಕಾರದ ಕಣ್ಣಿನಿಂದ ನೋಡತೊಡಗುತ್ತಾನೆ. ಸಾಲಿನಲ್ಲಿ ನಿಂತು ಬಂದವರು ನಾವು, ಸುಮ್ಮನೆ ನುಗ್ಗಿದವರು ಅವರು ಎನ್ನುವ ಭಾವ. ಕನ್ನಡದಲ್ಲಿ ಅಮೆರಿಕದ ಬಗ್ಗೆ ಬರೆದವರು ಊರಿನ ನೆನಪಿನಲ್ಲಿ ಕೊರಗಿದಷ್ಟು ಇದನ್ನು ಮುಟ್ಟಿಲ್ಲ.

ನನ್ನ ತಕರಾರು ಇರುವುದು ಒಂದು ಹೆಸರಿನ ಬಗ್ಗೆ. ಕಾದಂಬರಿಯಲ್ಲಿ ಮಿನೆಸೋಟಾ ಮಿನೆಸೋಟಾವಾಗಿಯೇ ಇದೆ. ನಿರಾಶ್ರಿತರ ದೇಶ ಮಾತ್ರ ಕಲ್ಪಿತ. ಅಮೆರಿಕದಲ್ಲಿ ಸೊಮಾಲಿಗಳು ಅತಿ ಹೆಚ್ಚಾಗಿರುವ ರಾಜ್ಯವೇ ಅದಾದ್ದರಿಂದ ಓದುವವರು ಊಹಿಸಿಕೊಳ್ಳುತ್ತಾರೆ, ನಿಜ. ಒಂದು ಸಮುದಾಯವನ್ನು ನೋಯಿಸಬಾರದೆಂಬ ಎಚ್ಚರವೂ ಇರಬಹುದು. ಆದರೆ ಹೆಸರಿನ ಜೊತೆ ಚರಿತ್ರೆಯೂ ಹೋಗಿಬಿಡುತ್ತದೆ. ಸೊಮಾಲಿಯಾದ ಸರ್ವಾಧಿಕಾರಿ ಸಿಯಾದ್ ಬರ್ರೆಗೆ 1977ರವರೆಗೆ ಸೋವಿಯತ್ ಒಕ್ಕೂಟ ಆಯುಧ ಕೊಟ್ಟಿತು, ಆಮೇಲೆ ಅಮೆರಿಕ ಕೈಹಿಡಿಯಿತು. 1991ರಲ್ಲಿ ಆತ ಬಿದ್ದಾಗ ದೇಶವೇ ಚೂರಾಯಿತು. ಈ ಲೆಕ್ಕ ಕಾದಂಬರಿಯೊಳಗೆ ಇದ್ದಿದ್ದರೆ ಅಮೋಕಾದ ಆಸ್ಪತ್ರೆಗೆ ಬಂದವಳು ಆಶ್ರಯ ಬೇಡುವವಳಷ್ಟೇ ಅಲ್ಲ, ಹಳೆಯ ಬಾಕಿ ಕೇಳಲು ಬಂದವಳೂ ಆಗುತ್ತಿದ್ದಳು. ಅದಿಲ್ಲದೆ ಅವಳ ನಿರಾಕರಣೆ ಬರೀ ಧರ್ಮದ, ಸಂಪ್ರದಾಯದ ಹಟವಾಗಿ ಕಾಣುವ ಅಪಾಯವಿದೆ.

ಹೀಗೆ ಬರೆಯುವಾಗ ನಮ್ಮ ಮನೆಯ ಲೆಕ್ಕವೂ ಎದುರಾಗುತ್ತದೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಕಾಬೂಲು ತಾಲಿಬಾನಿಗಳ ಕೈಸೇರಿದ 2021ರ ಆಗಸ್ಟಿನಲ್ಲಿ, ದೇಶದ ಹೊರಗಿದ್ದ ಅಫ್ಘನ್ನರಿಗೆ ಮೊದಲೇ ಕೊಟ್ಟಿದ್ದ ವೀಸಾಗಳನ್ನು ಸರ್ಕಾರ ರದ್ದು ಮಾಡಿತು. ನಮ್ಮ ಕಾಲೇಜುಗಳಲ್ಲಿ ಸೀಟಿದ್ದ ಎಷ್ಟೋ ಹುಡುಗ ಹುಡುಗಿಯರು ಅಲ್ಲೇ ಉಳಿದರು. ಅವರ ಬಗ್ಗೆ ಕನ್ನಡದಲ್ಲಿ ಒಂದು ಕಾದಂಬರಿ ನಾನು ಕಂಡಿಲ್ಲ.

ಸೊಸೈಟಿಯ ಕಾರ್ಯದರ್ಶಿಗೆ ಫೋನ್ ಮಾಡಿ ನನ್ನ ಸಹಿ ವಾಪಸ್ ತೆಗೆಯಬಹುದೇ ಎಂದು ಕೇಳಿದೆ. ಕಾರಣ ಬರೆದುಕೊಡಿ, ಮರಾಠಿಯಲ್ಲಿ, ಅಂದರು. ಬರೆಯುತ್ತಿದ್ದೇನೆ.